ಪ್ಯಾರಿಸಿನಲ್ಲಿ ಸೈಕಲ್ ಜಾತ್ರೆ

ಪ್ಯಾರಿಸಿಗೆ ಹೋಗಿ ಬಂದೆನೆಂದರೆ ನಮ್ಮ ಸೇಡಂನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಐಫೆಲ್ ಗೋಪುರ ಏರಿದ್ರೇನ್ರಿ?"

ಏರಲಿಲ್ಲ. ಅದರ ಬುಡದಿಂದ ಹೊರಟ ಸೈಕಲ್ ರೇಸ್ ನೋಡಿ ಬಂದೆ ಎಂದರೆ ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಎದುರು ಮನೆಯವರಂತೂ ಅಂದೇಬಿಟ್ಟರು: "ಸೈಕಲ್ ನೋಡ್ಲಾಕ ಫ್ರಾನ್ಸಿಗ್ಯಾಕ ಹೋಗ್ಬೇಕ್ರೀ? ವಾಡಿ ಸಿಮೆಂಟ್ ಕಾರ್ಖಾನಿ ಗೇಟಿಗೆ ನಿಂತಿದ್ರ ಸಾಕಿತ್ತಲ್ಲ!"

ಅವರ ಮಾತು ಪೂರ್ತಿ ಸುಳ್ಳೇನಲ್ಲ. ನಾನು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ಅಪ್ಪ ಸಿಮೆಂಟ್ ಕಾರ್ಖಾನೆಯಲ್ಲಿದ್ದರು. ಭೋಂಗಾ ಕೂಗಿತೆಂದರೆ ರಸ್ತೆ ತುಂಬ ಸೈಕಲ್ಲೇ ಸೈಕಲ್ಲು. ಹಿಡಿಕೆಗೆ ಊಟದ ಡಬ್ಬಿ, ಮೈತುಂಬ ಬೂದು ಧೂಳು. ದಿನಕ್ಕೆ ಮೂರು ಪಾಳಿ, ನಮ್ಮ ಪಾಲಿಗೆ ಮೂರು ರೇಸು. ಆ ಗುಂಪಿನಲ್ಲಿ ಒಬ್ಬ ಹೆಂಗಸನ್ನೂ ನಾನು ನೋಡಿದ ನೆನಪಿಲ್ಲ.

ಅಪ್ಪ ರಾತ್ರಿ ಪಾಳಿ ಮುಗಿಸಿ ಮಲಗಿದ ಮಧ್ಯಾಹ್ನಗಳಲ್ಲಿ ಅಣ್ಣನ ಕಾವಲಿನಲ್ಲಿ ನಾನೂ ಸೈಕಲ್ ಕಲಿತೆ. ಸೀಟು ಎಟುಕುತ್ತಿರಲಿಲ್ಲ. ಕೊಳವೆಗಳ ನಡುವೆ ಕಾಲು ತೂರಿಸಿ, ಕತ್ತರಿ ಹೊಡೆದುಕೊಂಡು ಓಣಿ ಸುತ್ತುತ್ತಿದ್ದೆ. ಒಂದು ದಿನ ಪರಸಿ ಕಲ್ಲಿನ ರಾಶಿಗೆ ಹೋಗಿ ಬಿದ್ದೆ, ಮೊಣಕಾಲು ಒಡೆಯಿತು. ಅವ್ವ ಗಾಯಕ್ಕೆ ಅರಿಶಿನ ಮೆತ್ತುತ್ತ, "ನಾಳೆ ನಿನಗ ಯಾರು ಮಾಡ್ಕೋತಾರ?" ಎಂದಳು. ಅಲ್ಲಿಗೆ ನನ್ನ ಸೈಕಲ್ ಸವಾರಿ ಮುಗಿಯಿತು. ಕಲೆ ಮಾತ್ರ ಇನ್ನೂ ಇದೆ.

2022ರ ಜುಲೈನಲ್ಲಿ ಮಗಳ ಮನೆಗೆಂದು ಪ್ಯಾರಿಸಿಗೆ ಹೋದೆ. ಅದೇ 19ರಂದು ಅಲ್ಲಿ ಬಿಸಿಲು 40 ಡಿಗ್ರಿ ದಾಟಿತು. "ಕಲಬುರಗಿ ಬಿಸಿಲು ಗಂಟು ಕಟ್ಕೊಂಡು ಬಂದಿ ಏನವ್ವಾ?" ಎಂದು ಮಗಳು ನಕ್ಕಳು. 24ನೆಯ ತಾರೀಖು ಭಾನುವಾರ. "ಟೂರ್ ದ ಫ್ರಾನ್ಸ್ ಇವತ್ತ ಮುಗೀತದ, ನಡಿ ಹೋಗೋಣು" ಎಂದಳು. 1903ರಲ್ಲಿ ಒಂದು ಪತ್ರಿಕೆ ತನ್ನ ಮಾರಾಟ ಹೆಚ್ಚಲೆಂದು ಶುರು ಮಾಡಿದ ರೇಸಂತೆ ಅದು. ಈಗ ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರು. ಆ ಪತ್ರಿಕೆ ಅಚ್ಚಾಗುತ್ತಿದ್ದುದು ಹಳದಿ ಹಾಳೆಯ ಮೇಲೆ. 1919ರಿಂದ ರೇಸಿನಲ್ಲಿ ಮುಂದಿರುವವನಿಗೂ ಹಳದಿ ಅಂಗಿ.

"ಗಂಡಸರು ಸಂಜಿಗಿ ಬರ್ತಾರ. ಮಧ್ಯಾಹ್ನ ಹೆಣ್ಮಕ್ಕಳ ರೇಸ್ ಅದ" ಎಂದಳು ಮಗಳು. ಚೀಲಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತುಂಬಿಕೊಂಡು ಹೊರಟೆ.

ಶಾಂಜೆಲಿಸೆ ಎಂಬ ಆ ದೊಡ್ಡ ರಸ್ತೆಯ ಬೇಲಿಗೆ ಒತ್ತಿಕೊಂಡು ನಿಂತೆವು. ಮೊದಲು ಬಂದದ್ದು ಜಾಹೀರಾತಿನ ಗಾಡಿಗಳ ಸಾಲು. ಅದರ ಮೇಲಿನವರು ಜನರತ್ತ ಟೋಪಿ, ಮಿಠಾಯಿ ಎಸೆಯುತ್ತಾರೆ. ನಮ್ಮ ಶರಣಬಸವೇಶ್ವರರ ಜಾತ್ರೆಯಲ್ಲಿ ಜನ ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆದರೆ, ಇಲ್ಲಿ ತೇರೇ ಜನರ ಮೇಲೆ ಎಸೆಯುತ್ತದೆ! ನಾನೂ ಸೆರಗೊಡ್ಡಿ ಒಂದು ಮಿಠಾಯಿ ಹಿಡಿದೆ.

ಆಮೇಲೆ ಅವರು ಬಂದರು. 24 ತಂಡ, ತಂಡಕ್ಕೆ ಆರರಂತೆ 144 ಹೆಣ್ಣುಮಕ್ಕಳು. ಹಿಟ್ಟಿನ ಗಿರಣಿಯ ಪಟ್ಟಾ ತಿರುಗಿದಂಥ ಸದ್ದು, ಮುಖಕ್ಕೆ ರಪ್ಪನೆ ಗಾಳಿ. ನನ್ನ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ರಸ್ತೆ ಖಾಲಿ. "ಇಷ್ಟೇನಾ?" ಎಂದೆ. "ಸುತ್ತು ಹೊಡೀತಾರವ್ವಾ, ಮತ್ತ ಬರ್ತಾರ."

ಮತ್ತೆ ಬಂದರು, ಮತ್ತೆ ಮತ್ತೆ ಬಂದರು. ಒಟ್ಟು 81.6 ಕಿಲೋಮೀಟರು. ಶಹಾಬಾದಿನಿಂದ ಕಲಬುರಗಿಗೆ ಹೋಗಿ, ಬಂದು, ಇನ್ನೊಮ್ಮೆ ಹೋದಷ್ಟು. ಅಲ್ಲಿಯ ರಸ್ತೆಗೆ ಡಾಂಬರಲ್ಲ, ಸಣ್ಣ ಸಣ್ಣ ಕಲ್ಲು ಹಾಸಿದ್ದಾರೆ. ಹಿಡಿಕೆ ಹಿಡಿದ ತೋಳುಗಳು ಅದುರುವುದು ಬೇಲಿಯ ಈಚೆಗೂ ಕಾಣುತ್ತಿತ್ತು. ಕಲ್ಲಿನ ಮೇಲೆ ಸೈಕಲ್ ಹೊಡೆಯುವ ಕಷ್ಟವನ್ನು ಶಹಾಬಾದಿನವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸುತ್ತಿನ ನಡುವೆ ಮಗಳು ವಿಷಯ ಹೇಳುತ್ತ ಹೋದಳು. ಹೆಂಗಸರ ಟೂರ್ 1984ರಲ್ಲೇ ಶುರುವಾಗಿತ್ತಂತೆ. ಮೊದಲು ಗೆದ್ದವಳು ಅಮೆರಿಕದ ಮರಿಯಾನ್ ಮಾರ್ಟಿನ್. ಗಂಡಸರ ರೇಸಿನ ಜೊತೆಗೇ ನಡೆಯುತ್ತಿದ್ದ ಅದು 1989ಕ್ಕೆ ನಿಂತಿತು. ಬೇರೆ ಹೆಸರಿನ ರೇಸುಗಳು ಬಂದು ಹೋದವು. ನಾನು ನೋಡಿದ್ದು ಹೊಸದಾಗಿ ಆರಂಭವಾದ ಎಂಟು ದಿನಗಳ ರೇಸಿನ ಮೊದಲ ದಿನ. ಬಹುಮಾನ? ಗೆದ್ದ ಗಂಡಸಿಗೆ ಐದು ಲಕ್ಷ ಯೂರೋ, ಗೆದ್ದ ಹೆಂಗಸಿಗೆ ಐವತ್ತು ಸಾವಿರ. ದಿನಗೂಲಿಯ ಲೆಕ್ಕ ಹಾಕಿದರೂ ಹೆಣ್ಣಿಗೇ ಕಡಿಮೆ. ನಮ್ಮ ತೊಗರಿ ಹೊಲದ ಕೂಲಿ ನೆನಪಾಯಿತು.

ಹಾಗೆ ಮಾತಾಡುತ್ತಲೇ ಮಗಳು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದಳು: "ಅವ್ವಾ, ನನ್ನ ಸೈಕಲ್ ರಿಪೇರಿ ಮುಗೀತೇನು?"

ನನಗೆ ಎದೆ ಧಸಕ್ಕೆಂದಿತು. 1998ರ ಮಾತು. ಸೇಡಂನಲ್ಲಿ ಅವಳು ಕೆಂಪು ಸೈಕಲ್ ಮೇಲೆ ಶಾಲೆಗೆ ಹೋಗುತ್ತಿದ್ದಳು. ಓಣಿಯ ಹಿರಿಯರೊಬ್ಬರು "ಹುಡುಗಿ ದೊಡ್ಡಾಕಿ ಆದಳಲ್ಲ" ಎಂದರು. ಅಷ್ಟು ಸಾಕಾಯಿತು ನನಗೆ. ರಜೆಯಲ್ಲಿ ಅವಳು ಚಿಂಚೋಳಿಯ ಅತ್ತೆಯ ಮನೆಗೆ ಹೋದಾಗ ಸೈಕಲನ್ನು ಚಿತ್ತಾಪುರದ ನೆಂಟರ ಹುಡುಗನಿಗೆ ಕೊಟ್ಟು ಕಳಿಸಿದೆ. ಅವಳು ಬಂದು ಕೇಳಿದರೆ "ರಿಪೇರಿಗಿ ಕೊಟ್ಟೀನಿ" ಎಂದೆ. ಒಂದು ತಿಂಗಳು ಕೇಳಿದಳು, ಆಮೇಲೆ ಬಿಟ್ಟಳು. ಮರೆತಳೆಂದುಕೊಂಡಿದ್ದೆ. ನಮ್ಮವ್ವ ಎದುರಿಗೇ ಬೇಡವೆಂದಿದ್ದಳು. ನನಗೆ ಅಷ್ಟು ಧೈರ್ಯವೂ ಇರಲಿಲ್ಲ.

"ರಿಪೇರಿಗಿ ಕೊಟ್ಟಿದ್ದಿಲ್ಲವ್ವಾ. ಕೊಟ್ಟೇಬಿಟ್ಟಿದ್ದೆ. ತಪ್ಪಾಯ್ತು" ಎಂದೆ.

"ಗೊತ್ತದ. ಚಿತ್ತಾಪುರದ ಮದುವ್ಯಾಗ ನೋಡಿದ್ದೆ. ನಾ ಹಾಕಿಸಿದ್ದ ಗಂಟಿ ಹಂಗೇ ಇತ್ತು" ಎಂದಳು. ಅಷ್ಟರಲ್ಲಿ ಗಿರಣಿಯ ಸದ್ದು ಮತ್ತೆ ಹತ್ತಿರ ಬಂತು. ಅವಳು ಬೇಲಿ ಬಡಿದು ಕೂಗಿದಳು. ನಾನೂ ಬಡಿದೆ. ಅಂದು ಗೆದ್ದವಳು ನೆದರ್ಲೆಂಡ್ಸಿನ ಲೊರೇನಾ ವೀಬಸ್. ಆ ಹಳದಿ ಅಂಗಿ ಮೊದಲು ಅವಳ ಮೈಗೇರಿತು.

ಉಳಿದ ಏಳು ದಿನ ತಾಯಿ ಮಗಳು ಟಿ.ವಿ. ಮುಂದೆ ಕೂತೆವು. ಕೊನೆಗೆ ಗೆದ್ದವಳೂ ಅದೇ ದೇಶದ ಆನೆಮಿಕ್ ವಾನ್ ಫ್ಲ್ಯೂಟನ್, 39 ವಯಸ್ಸಿನವಳು. ಮೊದಲ ದಿನಗಳಲ್ಲಿ ಹೊಟ್ಟೆ ಕೆಟ್ಟು ಒದ್ದಾಡಿದವಳು ಕೊನೆಯ ಎರಡು ದಿನ ಬೆಟ್ಟದ ದಾರಿಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು. ಆ ವಯಸ್ಸಿಗೆ ನಾನು ಸೊಂಟ ನೋವೆಂದು ರೊಟ್ಟಿ ಬಡಿಯುವುದಕ್ಕೇ ಕುರ್ಚಿ ಹುಡುಕುತ್ತಿದ್ದೆ.

ನಮ್ಮಲ್ಲಿ 2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡತೊಡಗಿತು. ಹಳ್ಳಿಗಳಿಂದ ಅವರು ಸಾಲುಗಟ್ಟಿ ಸೇಡಂಗೆ ಬಂದಾಗ ಓಣಿಯ ಹಿರಿಯರಾರೂ ಏನೂ ಅನ್ನಲಿಲ್ಲ. ನನ್ನ ಮಗಳ ಪಾಲಿಗೆ ಆ ಸೈಕಲ್ ಎಂಟು ವರ್ಷ ತಡವಾಗಿ ಬಂದಿತ್ತು.

ಊರಿಗೆ ಮರಳಿದ ಮೇಲೆ ಎದುರು ಮನೆಯವರು ಮೆಲ್ಲಗೆ ಬಂದು ಕೂತರು. "ಮಗಳು ಕಾಲೇಜಿಗಿ ಹೋಗ್ಲಾಕ ಸೈಕಲ್ ಬೇಕಂತಾಳ್ರಿ. ಏನ್ ಮಾಡ್ಲಿ?"

"ಕೊಡಸ್ರಿ" ಎಂದೆ.

"ಬಿದ್ದು ಗಿದ್ದು ಕಲಿ ಆದ್ರ?"

ನಾನು ಸೀರೆ ಒಂದಿಷ್ಟು ಸರಿಸಿ ಮೊಣಕಾಲು ತೋರಿಸಿದೆ. "ಬಿದ್ರ ಬೀಳ್ಲಿ ಬಿಡ್ರಿ. ಮನ್ಯಾಗ ಅರಿಶಿನ ಅದಲ್ಲ."