ನೀರು ಹೋದ ದಾರಿ

ನಮ್ಮ ಮನೆಯಲ್ಲಿ ಹಿರಿಯರು ಇಬ್ಬರು. ಒಬ್ಬರು ಅತ್ತೆಯವರು, ಇನ್ನೊಂದು ಮಾವನವರು 1989ರಲ್ಲಿ ಕೊಂಡ ಟ್ರ್ಯಾಕ್ಟರ್. ಬೆಳಗಾದರೆ ಮೊದಲು ಇವರಿಬ್ಬರಿಗೂ ನೀರು ಕೊಡಬೇಕು, ಆಮೇಲೆ ನಮ್ಮ ಚಹ.

ಹಾವೇರಿ ಹತ್ತಿರದ ಹಳ್ಳಿ ನಮ್ಮದು. ಕಳೆದ ಮುಂಗಾರಿನಲ್ಲಿ ಮಳೆ ಬಿದ್ದು, ಗೋವಿನಜೋಳದ ಬಿತ್ತನೆಗೆ ನೆಲ ಹದವಾಗಿತ್ತು. ಅಂದು ಮುಂಜಾನೆ ಡ್ರೈವರ್ ಕರೆದ. "ಅಕ್ಕೋರ, ಸ್ವಲ್ಪ ಇಲ್ಲಿ ಬರ್ರಿ." ಎಂಟನೇ ಇಯತ್ತೆಯಲ್ಲಿ ನನ್ನ ಕೈಯಲ್ಲೇ ಕಲಿತವನು, ನಾನು ಈಗಲೂ ಅವನಿಗೆ ಅಕ್ಕೋರೇ. ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದು ತೋರಿಸಿದ. ಕಪ್ಪಗಿರಬೇಕಾದ ಎಂಜಿನ್ ಎಣ್ಣೆ ಹಾಲು ಹೆಚ್ಚಾದ ಚಹದ ಬಣ್ಣಕ್ಕೆ ತಿರುಗಿತ್ತು. ಗುರುತಿಗಿಂತ ಮೇಲಕ್ಕೂ ಏರಿತ್ತು.

ನಮ್ಮವರು ನೋಡಿದರು. "ಯಾರೋ ನೀರು ಸುರುವ್ಯಾರ. ಕೀಲಿ ಇರೋದು ನಿನ್ನ ಹತ್ರ" ಎಂದರು. ಅವನು ತಲೆ ತಗ್ಗಿಸಿದ. ಆ ತಗ್ಗಿದ ತಲೆಯನ್ನು ನಾನು ಹಿಂದೊಮ್ಮೆ ಕಂಡಿದ್ದೆ. 1998ರಲ್ಲಿ ತರಗತಿಯ ಪ್ರವಾಸದ ಹಣ ಕಾಣದಾದಾಗ ಅವನನ್ನು ಇಡೀ ದಿನ ಹೊರಗೆ ನಿಲ್ಲಿಸಿದ್ದೆ. ಸಂಜೆ ಹಣ ನನ್ನದೇ ಹಾಜರಿ ಪುಸ್ತಕದೊಳಗೆ ಸಿಕ್ಕಿತು. ಒಳಗೆ ಬಾ ಎಂದೆನೇ ಹೊರತು ತಪ್ಪಾಯಿತು ಎನ್ನಲಿಲ್ಲ.

ಮಿಸ್ತ್ರಿ ಬಂದವನೇ, "ಚಾಲೂ ಮಾಡಬ್ಯಾಡ್ರಿ, ನೀರು ಕೂಡಿದ ಎಣ್ಣಿ ಬೇರಿಂಗ್ ತಿಂದ ಬಿಡ್ತೈತಿ" ಎಂದ. ನಾನು ಬಿ.ಎ., ಬಿ.ಎಡ್., ಕಲಿಸುವುದು ಸಮಾಜ ವಿಜ್ಞಾನ. ಎಂಜಿನ್ನಿನ ಪಾಠ ಆದದ್ದು ಅಂದೇ. ಎಂಜಿನ್ನಿನ ಬಿಸಿ ಇಳಿಸಲು ನೀರು, ತಿಕ್ಕಾಟ ತಪ್ಪಿಸಲು ಎಣ್ಣೆ. ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಎರಡೂ ಒಂದೇ ಮನೆಯಲ್ಲಿ ಓಡಾಡುತ್ತವೆ, ಆದರೆ ಒಂದನ್ನೊಂದು ಮುಟ್ಟಬಾರದು.

ರಾತ್ರಿಯೆಲ್ಲ ಹಾಗೆಯೇ ಬಿಟ್ಟು, ಬೆಳಿಗ್ಗೆ ತಳದ ಬೋಲ್ಟನ್ನು ಮೆಲ್ಲಗೆ ಸಡಿಲಿಸಿದ. ಮೊದಲು ಬಂದದ್ದು ನೀರು. ಎಣ್ಣೆಗಿಂತ ಭಾರವಾದ್ದರಿಂದ ತಳ ಸೇರಿತ್ತು. ಆಮೇಲೆ ನನ್ನ ಹಳೆಯ ತವೆ ಕೇಳಿದ. ಕಾದ ತವೆಯ ಮೇಲೆ ಡಬ್ಬಿಯ ಹೊಸ ಎಣ್ಣೆ ಎರಡು ಹನಿ ಬಿಟ್ಟ, ಸದ್ದಿಲ್ಲ. ಎಂಜಿನ್ನಿನ ಎಣ್ಣೆ ಎರಡು ಹನಿ ಬಿಟ್ಟ, ಚಟಚಟ ಸಿಡಿಯಿತು. ಒಗ್ಗರಣೆಗೆ ತೊಳೆದ ಕರಿಬೇವು ಹಾಕಿದರೆ ಸಿಡಿಯುವುದಿಲ್ಲವೇ, ಅದೇ ಲೆಕ್ಕ.

"ನಾ ಹೇಳಿದ್ದೂ ಅದನ್ನ, ನೀರೈತಿ" ಎಂದರು ನಮ್ಮವರು.

"ನೀರಿರೋದು ಖರೆ ಸಾಹೇಬ್ರ, ಬಂದದ್ದು ಎಲ್ಲಿಂದ?" ಎಂದ ಮಿಸ್ತ್ರಿ, ಡ್ರೈವರನತ್ತ ತಿರುಗಿ "ರೇಡಿಯೇಟರ್ ನೀರು ಇಳೀತಿತ್ತೇನು?" ಎಂದು ಕೇಳಿದ.

"ಹದಿನೈದು ದಿನದಿಂದ ದಿನಾ ಇಳೀತಿತ್ತು. ನೆಲಕ್ಕ ಒಂದ ಹನಿ ಬಿದ್ದಿಲ್ಲ. ಅಕ್ಕೋರಿಗೆ ಹೇಳಿದ್ನಿ."

ಹೇಳಿದ್ದು ನಿಜ. ಬಸ್ಸಿನ ಗಡಿಬಿಡಿಯಲ್ಲಿ ನಾನು ಇನ್ನೊಂದು ಕೊಡ ನೀರು ಕೊಟ್ಟು ಓಡಿದ್ದೆ. ನೆಲಕ್ಕೆ ಬೀಳದ ನೀರು ಹೋಗುವುದೆಲ್ಲಿಗೆ ಎಂದು ಕೇಳಲಿಲ್ಲ. ಮಕ್ಕಳ ಲೆಕ್ಕದಲ್ಲಿ ಹತ್ತು ಪೈಸೆ ತಪ್ಪಿದರೆ ಕೇಳುವವಳು ನಾನು!

ತಳದ ಚೇಂಬರ್ ಬಿಚ್ಚಿ, ರೇಡಿಯೇಟರಿನ ಬಾಯಿಂದ ಪಂಪಿನಲ್ಲಿ ಮೆಲ್ಲಗೆ ಗಾಳಿ ಒತ್ತಿದರು. ಮಿಸ್ತ್ರಿ ಕೆಳಗೆ ಮಲಗಿ ಟಾರ್ಚ್ ಹಿಡಿದ. ಸ್ವಲ್ಪ ಹೊತ್ತಿಗೆ ಎರಡನೇ ಸಿಲಿಂಡರಿನ ಅಂಚಿನಿಂದ ಒಂದು ಹನಿ ಇಳಿಯಿತು, ಹಿಂದೆಯೇ ಇನ್ನೊಂದು. ಸಿಲಿಂಡರಿನ ಲೈನರ್ ಸುತ್ತ ನೀರು ನಿಂತಿರುತ್ತದೆ. ಆ ನೀರು ಕೆಳಗಿನ ಎಣ್ಣೆಗೆ ಇಳಿಯದಂತೆ ತಡೆಯುವುದು ರಬ್ಬರ್ ಉಂಗುರಗಳು. ಅವು ಗಟ್ಟಿಯಾಗಿ ಸೀಳಿದ್ದವು. ಅವು ಕೂರುವ ಜಾಗದಲ್ಲಿ ತುಕ್ಕು, ಸುಣ್ಣದ ಹಕ್ಕಳೆ. ತಲೆಯ ಗ್ಯಾಸ್ಕೆಟ್ ಹೋದರೂ, ಹೆಡ್ ಬಿರಿದರೂ ನೀರು ಎಣ್ಣೆಗೆ ಸೇರುತ್ತದಂತೆ. ನಮ್ಮ ಪುಣ್ಯ, ಅದಾಗಿರಲಿಲ್ಲ.

"ಬರೇ ಬೋರಿನ ನೀರು ಹಾಕೀರಿ. ಕೂಲೆಂಟ್ ಹಾಕಿದ್ರ ಇಷ್ಟು ತುಕ್ಕು ಹಿಡೀತಿರಲಿಲ್ಲ" ಎಂದ ಮಿಸ್ತ್ರಿ. ಕೂಲೆಂಟ್ ತರೋಣ ಎಂದು ಡ್ರೈವರ್ ಎರಡು ಸಲ ಕೇಳಿದ್ದ. ಬೋರಿನಲ್ಲಿ ನೀರಿಗೇನು ಬರವೇ ಎಂದು ನಕ್ಕವರು ನಾವೇ.

ನಮ್ಮವರು ಏನೂ ಅನ್ನಲಿಲ್ಲ. ಪೇಟೆಗೆ ಹೋಗಿ ಉಂಗುರಗಳ ಜೊತೆಗೆ ಕೂಲೆಂಟಿನ ಡಬ್ಬಿಯನ್ನೂ ತಂದು ಅವನ ಕೈಗಿತ್ತರು. ಅವರ ಬಾಯಲ್ಲಿ ಕ್ಷಮೆ ಬರುವುದು ಹಾಗೆಯೇ. ನಾಲ್ಕನೇ ದಿನ ಬಿತ್ತನೆಗೆ ಹೊರಟಾಗ ನಾನು ಎಲ್ಲರೆದುರೇ ಹೇಳಿದೆ. "ತಪ್ಪಾತಪ್ಪಾ."

ಅವನು ಸೀಟಿನ ಮೇಲಿಂದ ನಕ್ಕ. "ಯಾವುದಕ್ಕರಿ ಅಕ್ಕೋರ, ಈಗಿಂದಕ್ಕೋ, ಆಗಿಂದಕ್ಕೋ?"

"ಎರಡಕ್ಕೂ" ಎಂದೆ.