ಅಳತೆಯ ಸೈಕಲ್ಲು, ಕಾರ್ಕಳದ ದಾರಿ

ಮಂಜೇಶ್ವರದಿಂದ ಮಂಗಳೂರು, ಮೂಡುಬಿದಿರೆ ಮಾರ್ಗವಾಗಿ ಕಾರ್ಕಳಕ್ಕೆ ಸುಮಾರು 70 ಕಿ.ಮೀ. ಅರವತ್ತು ದಾಟಿದ ನಾವು ಈ ಯಾತ್ರೆಗೆಂದೇ ಅಳತೆ ಕೊಟ್ಟು ಸೈಕಲ್ಲು ಮಾಡಿಸಿದೆವು. ಅಂಗಿಗೆ ಅಳತೆ ಕೊಡುವವರು, ದಿನವಿಡೀ ಕೂರುವ ಸೈಕಲ್ಲನ್ನು ಮಾತ್ರ ಸಿಕ್ಕಿದ್ದೇ ಸಾಕೆಂದು ಕೊಳ್ಳುವುದೇಕೆ?

ಮೊದಲ ಅಳತೆ ಕಾಲಿನದು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು ತೊಡೆಸಂದಿನಿಂದ ನೆಲದವರೆಗೆ ಅಳೆಯಬೇಕು. ನಮ್ಮದು 80 ಸೆಂ.ಮೀ. ಅದನ್ನು 0.883ರಿಂದ ಗುಣಿಸಿದರೆ 70.6. ಪೆಡಲು ತಿರುಗುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಸೆಂ.ಮೀ. ಇದು ಆರಂಭದ ಲೆಕ್ಕ. ಪೆಡಲು ತೀರ ಕೆಳಗಿದ್ದಾಗಲೂ ಮೊಣಕಾಲು ತುಸು ಬಾಗಿರಬೇಕು. ಸೀಟು ತಗ್ಗಾದರೆ ಮೊಣಕಾಲಿಗೇ ಪೆಟ್ಟು. ಹ್ಯಾಂಡಲು ಸೀಟಿನ ಮಟ್ಟಕ್ಕಿದ್ದರೆ ಸೊಂಟಕ್ಕೆ ಸುಖ.

ಚೌಕಟ್ಟು ಉಕ್ಕಿನದು, ಹಿಂದಿನ ಚಕ್ರಕ್ಕೆ 36 ಕಡ್ಡಿ, ಟೈರು 35 ಮಿ.ಮೀ. ಮುಂದೆ 24, ಹಿಂದೆ 34 ಹಲ್ಲಿನ ಗೇರು ಇದ್ದುದರಿಂದ ಗುರುಪುರದಾಚೆಯ ಏರನ್ನು ಇಳಿಯದೆ ಹತ್ತಿದೆವು. ದೂರ ಪ್ರಯಾಣಿಕರು ಚರ್ಮದ ಸೀಟನ್ನು ಹೊಗಳುತ್ತಾರೆ. ಅಹಿಂಸೆ ಪಾಲಿಸುವ ನಮಗೆ ಅದು ಸಲ್ಲದು. ರಬ್ಬರಿನ ಮೇಲೆ ಹತ್ತಿಯ ಕ್ಯಾನ್ವಾಸು ಹೊದಿಸಿದ ಸೀಟು ಹಾಕಿಸಿದೆವು. ಕ್ಯಾರಿಯರಿನ ಎರಡೂ ಬದಿಗೆ ಸಮತೂಕದ ಚೀಲ: ಸೋಸಿದ ನೀರು, ಅವಲಕ್ಕಿ, ಪಂಪು, ಟ್ಯೂಬು.

ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವವರಿಗೆ ಒಂದೇ ದಿನದ ಅವಸರ ಬೇಡ. ಮೂಡುಬಿದಿರೆಯಲ್ಲಿ ತಂಗಿ, 1430ರ ಸಾವಿರ ಕಂಬದ ಬಸದಿಯ ದರ್ಶನ ಮಾಡಿ ಮರುದಿನ ಹೊರಡಿರಿ.

ಕಾರ್ಕಳದ ಬಾಹುಬಲಿ 1432ರಲ್ಲಿ ಪ್ರತಿಷ್ಠೆಯಾದ 42 ಅಡಿಯ ಏಕಶಿಲೆ. ಬೆಟ್ಟದ ಬುಡದಲ್ಲಿ ಸೈಕಲ್ಲು ನಿಲ್ಲಿಸಿ ಮೆಟ್ಟಿಲು ಹತ್ತುವಾಗಲೂ ಮೊಣಕಾಲು ನಮ್ಮ ಮಾತು ಕೇಳಿತು. ಸೈಕಲ್ಲು ಕೊಳ್ಳುವವರು ಬೆಲೆಗೆ ಮೊದಲು ಅಳತೆ ಕೇಳಲಿ.