ನಡುಗುವ ಗಾಡಿಯಲ್ಲಿ ಎಲ್ಲೋರದವರೆಗೆ

ನಾಸಿಕದಲ್ಲಿ ನೆಲೆಸಿ ನನಗೆ ಮೂವತ್ತು ವರ್ಷಗಳ ಮೇಲಾಯಿತು. ಬೆಂಗಳೂರಿನ ಎಚ್.ಎ.ಎಲ್. ಸಂಸ್ಥೆ 1964ರಲ್ಲಿ ಇಲ್ಲಿಯ ಓಝರಿನಲ್ಲಿ ಮಿಗ್ ವಿಮಾನಗಳ ವಿಭಾಗ ತೆರೆದ ಮೇಲೆ ಕೆಲಸಕ್ಕೆಂದು ಬಂದು ಇಲ್ಲಿಯವರೇ ಆಗಿಹೋದ ಕನ್ನಡಿಗರಲ್ಲಿ ನಾನೂ ಒಬ್ಬ. ಯಂತ್ರಗಳ ನಡುವೆಯೇ ಆಯುಷ್ಯ ಸವೆಸಿ ನಿವೃತ್ತನಾದ ನಾನು, ಮಗನ ಪಿಕಪ್ ಗಾಡಿಯ ನಡುಕದ ಮುಂದೆ ಹೇಗೆ ಸೋತೆ, ಸೋತ ಮೇಲೆ ಏನು ಕಲಿತೆ ಎಂಬುದನ್ನು ಸಂಘದ ಬಂಧುಗಳೊಡನೆ ಹಂಚಿಕೊಳ್ಳೋಣವೆಂದು ಈ ಬರಹ.

ಮಗ ಬ್ಯಾಂಕಿನ ಸಾಲದಲ್ಲಿ ಒಂದು ಹಳೆಯ ಪಿಕಪ್ ಕೊಂಡು, ನಿಫಾಡದ ತೋಟಗಳಿಂದ ದ್ರಾಕ್ಷಿ ತುಂಬಿಕೊಂಡು ಛತ್ರಪತಿ ಸಂಭಾಜಿನಗರಕ್ಕೆ ಸಾಗಿಸುತ್ತಾನೆ. 2023ರಲ್ಲಿ ಹೆಸರು ಬದಲಾಗುವ ತನಕ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದ ಊರು ಅದು. ಸುಗ್ಗಿಯ ಮಧ್ಯದಲ್ಲಿ ಗಾಡಿಗೆ ಒಂದು ರೋಗ ಹತ್ತಿತು. ಅರವತ್ತರ ವೇಗದವರೆಗೆ ಸಾಧುಪ್ರಾಣಿ. ಎಪ್ಪತ್ತು ದಾಟಿತೋ, ಮೈಯೆಲ್ಲ ನಡುಕ. ದ್ರಾಕ್ಷಿಯಾದರೋ ಮಹಾ ಸುಕುಮಾರಿ. ದಾರಿಯುದ್ದಕ್ಕೂ ನಡುಗಿದರೆ ಕಾಳುಗಳು ತೊಟ್ಟು ಬಿಟ್ಟು ಪೆಟ್ಟಿಗೆಯ ತಳದಲ್ಲಿ ಉದುರಿರುತ್ತವೆ. ಉದುರಿದ ಕಾಳಿಗೆ ವ್ಯಾಪಾರಿ ದುಡ್ಡು ಕಡಿಯುತ್ತಾನೆ, ಬ್ಯಾಂಕು ಕಂತು ಕಡಿಯುವುದಿಲ್ಲ!

ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಆದವು. ಸಾಲದೆಂದು ಎರಡು ಹೊಸ ಟೈರುಗಳೂ ಬಂದವು. ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿದ್ದಾಯಿತು. ನಡುಕ ಮಾತ್ರ ಹೋಗಲಿಲ್ಲ. “ಅಪ್ಪಾ, ನಿಧಾನಕ್ಕೆ ಹೋದರೆ ಮಾರುಕಟ್ಟೆಯ ಹೊತ್ತು ತಪ್ಪುತ್ತೆ, ಜೋರಾಗಿ ಹೋದರೆ ಮಾಲು ಕೆಡುತ್ತೆ. ಗಾಡಿ ಮಾರಿಬಿಡಲಾ?” ಎಂದು ಕೇಳಿದಾಗ ಅವನ ಮುಖ ನೋಡಲಾಗಲಿಲ್ಲ. ಮುಂದಿನ ಖೇಪಿಗೆ ನಾನೂ ಹೊರಟೆ.

ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಚಾಂದೋರಿ, ನಿಫಾಡ ದಾಟಿದೆವು. ದಾರಿಯ ಇಬ್ಬದಿಗೂ ದ್ರಾಕ್ಷಿ ಚಪ್ಪರಗಳು. ವಿಂಚೂರಿನ ಹತ್ತಿರ ಗಾಳಿಯಲ್ಲೇ ಈರುಳ್ಳಿಯ ವಾಸನೆ. ದೇಶಕ್ಕೆಲ್ಲ ಹೆಸರಾದ ಲಾಸಲಗಾಂವ್ ಈರುಳ್ಳಿ ಮಾರುಕಟ್ಟೆ ಅಲ್ಲಿಂದ ಕೂಗಳತೆಯ ದೂರ. ಯೇವಲೆಯಲ್ಲಿ ಚಹಕ್ಕೆ ನಿಂತೆವು. ಪೈಠಣಿ ಸೀರೆ ನೇಯುವ ಊರು. ತಾತ್ಯಾ ಟೋಪೆ ಹುಟ್ಟಿದ್ದು ಇಲ್ಲಿ. ಹಿಂದುವಾಗಿ ಸಾಯಲಾರೆನೆಂದು ಡಾ. ಅಂಬೇಡ್ಕರರು 1935ರ ಅಕ್ಟೋಬರ್ 13ರಂದು ಸಾರಿದ್ದೂ ಇಲ್ಲಿಯೇ. ಎಷ್ಟೋ ಸಲ ಹಾದುಹೋದ ಊರು, ನಿಂತು ನೋಡಿದ್ದು ಅಂದೇ ಮೊದಲು.

ಯೇವಲೆ ದಾಟಿದ ಮೇಲೆ ರಸ್ತೆ ನೇರ. ಅಲ್ಲಿ ನನ್ನ ಪರೀಕ್ಷೆ ಶುರುವಾಯಿತು. ಮೊದಲು ಐದನೇ ಗೇರಿನಲ್ಲಿ ಎಪ್ಪತ್ತೆರಡು, ಆಮೇಲೆ ಅದೇ ವೇಗ ನಾಲ್ಕನೇ ಗೇರಿನಲ್ಲಿ. ಇಂಜಿನ್ನಿನ ಸುತ್ತು ಬದಲಾಯಿತು, ನಡುಕ ಬದಲಾಗಲಿಲ್ಲ. ರಸ್ತೆ ಖಾಲಿಯಿದ್ದಾಗ ಒಂದು ಕ್ಷಣ ಕ್ಲಚ್ ಒತ್ತಿಸಿದೆ. ಇಂಜಿನ್ ತಣ್ಣಗಾಯಿತು, ನಡುಕ ಹಾಗೆಯೇ ಇತ್ತು. ಅಲ್ಲಿಗೆ ಇಂಜಿನ್ ನಿರಪರಾಧಿ. ಉಳಿದದ್ದು ಗಾಡಿಯ ಓಟದೊಡನೆ ತಿರುಗುವ ಚಕ್ರಗಳು, ಮತ್ತು ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ಶಾಫ್ಟು.

ಇವೆರಡರಲ್ಲಿ ಯಾವುದು? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಇಂಥ ಗಾಡಿಯ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಕ್ರಮಿಸುತ್ತದೆ. ಅಂದರೆ ಸೆಕೆಂಡಿಗೆ 9 ಸುತ್ತು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ನಾಲ್ಕರ ಆಸುಪಾಸು ತಿರುಗುತ್ತದೆ. ಅದು ಸೆಕೆಂಡಿಗೆ ಸುಮಾರು 36. ಚಕ್ರದ ದೋಷವಾದರೆ ಕುಲುಕಾಟ, ಮುಂದಿನ ಚಕ್ರವಾದರೆ ಸ್ಟೇರಿಂಗೇ ಅಲ್ಲಾಡುತ್ತದೆ. ಶಾಫ್ಟಿನದಾದರೆ ದುಂಬಿ ಹೊಕ್ಕಂತೆ ಗುಂಯ್ ಎನ್ನುವ ಕಂಪನ, ಅದೂ ಸೀಟು ಮತ್ತು ಕಾಲಡಿಯಲ್ಲಿ. ಡ್ಯಾಶ್‌ಬೋರ್ಡಿನ ಮೇಲೆ ಅರ್ಧ ತುಂಬಿದ ನೀರಿನ ಬಾಟಲಿ ಇಟ್ಟೆ. ನೀರು ತುಳುಕಲಿಲ್ಲ, ಮೇಲೆ ಸಣ್ಣ ಸಣ್ಣ ಗೀರುಗಳಂಥ ಅಲೆ ಎದ್ದಿತು. ಸ್ಟೇರಿಂಗ್ ಕೈಯಲ್ಲಿ ಶಾಂತವಾಗಿತ್ತು. “ಶಾಫ್ಟೇ ಕಣೋ!” ಎಂದೆ. “ಮೊನ್ನೆ ಮೊನ್ನೆವರೆಗೆ ಚೆನ್ನಾಗಿತ್ತಲ್ಲಪ್ಪಾ, ಈಗೇಕೆ ಹೀಗೆ?” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ವೈಜಾಪುರ ಬಂತು. ಇಲ್ಲಿಂದ ಮರಾಠವಾಡಾ, ಹಳೆಯ ನಿಜಾಮರ ಸೀಮೆ. 1956ರವರೆಗೆ ಔರಂಗಾಬಾದೂ ನಮ್ಮ ಬೀದರ್, ಕಲಬುರ್ಗಿ, ರಾಯಚೂರುಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ನಂಟು ಇನ್ನೂ ಕಡಿದಿಲ್ಲ ಎಂಬುದು ಅಂದೇ ತಿಳಿಯಿತು. ಮಾಲು ಇಳಿಸಿ ಒಂದು ಸಣ್ಣ ಗ್ಯಾರೇಜಿಗೆ ಹೋದೆವು. ನಾವು ತಂದೆ ಮಗ ಮಾತಾಡುವುದನ್ನು ಕೇಳಿ ಗಾಡಿಯಡಿಯಿಂದ ಒಂದು ದನಿ ಬಂತು: “ಸಾಹೇಬ್ರ, ಕನ್ನಡದವ್ರೇನ್ರಿ?” ಹೊರಬಂದವರು ಭಾಲ್ಕಿ ಕಡೆಯ ಮೇಸ್ತ್ರಿ, ಅರವತ್ತು ದಾಟಿದವರು.

ನನ್ನ ಲೆಕ್ಕಾಚಾರವನ್ನೆಲ್ಲ ಸಮಾಧಾನದಿಂದ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: “ಇದು ಸುರು ಆಗೂಕಿಂತ ಮೊದಲ ಗಾಡಿಗಿ ಏನ್ ಕೆಲಸಾ ಮಾಡಿಸಿದ್ರಿ?”

ಮಗ ನೆನಪಿಸಿಕೊಂಡ. ಮೂರು ವಾರದ ಹಿಂದೆ ಬೇರೊಂದು ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್ ಹಾಕಿಸಿದ್ದ. ಮೇಸ್ತ್ರಿ ನಕ್ಕರು. ಕ್ಲಚ್ ಪ್ಲೇಟ್ ಹಾಕಬೇಕಾದರೆ ಗೇರ್ ಬಾಕ್ಸ್ ಇಳಿಸಬೇಕು, ಅದಕ್ಕೆ ಮೊದಲು ಶಾಫ್ಟು ಬಿಚ್ಚಬೇಕು. ಶಾಫ್ಟು ಒಂದರೊಳಗೊಂದು ಜಾರುವ ಜಾಗದಲ್ಲಿ ಎರಡು ಗುರುತುಗಳಿರುತ್ತವೆ. ಮತ್ತೆ ಕೂಡಿಸುವಾಗ ಅವು ಎದುರುಬದುರು ಬರಬೇಕು. ಮಣ್ಣು ಒರೆಸಿ ತೋರಿಸಿದರು: ಗುರುತುಗಳು ಒಂದಕ್ಕೊಂದು ಮುಖ ತಿರುಗಿಸಿ ಕೂತಿದ್ದವು.

ಶಾಫ್ಟಿನ ಎರಡೂ ತುದಿಗೆ ಕ್ರಾಸ್ ಇರುತ್ತದೆ. ಓರೆಯಾಗಿ ತಿರುಗುವಾಗ ಮೊದಲ ಕ್ರಾಸ್ ಪ್ರತಿ ಸುತ್ತಿನಲ್ಲೂ ಎರಡು ಸಲ ಶಾಫ್ಟಿನ ವೇಗವನ್ನು ಏರಿಳಿಸುತ್ತದೆ. ಎರಡನೆಯದು ಅದಕ್ಕೆ ಸರಿಸಮವಾಗಿ ಕೂತಿದ್ದರೆ ಆ ಏರಿಳಿತವನ್ನು ಅಳಿಸಿಹಾಕುತ್ತದೆ. ತಪ್ಪಿ ಕೂತಿದ್ದರೆ ಅಳಿಯದೆ ಉಳಿದ ಏರಿಳಿತ ಗಾಡಿಯನ್ನೆಲ್ಲ ನಡುಗಿಸುತ್ತದೆ. ದಾಂಪತ್ಯದ ಹಾಗೆಯೇ ಅನ್ನಿ! ಮೂರು ವಾರ ಹೀಗೆ ಓಡಿದ್ದರಿಂದ ಹಿಂದಿನ ಕ್ರಾಸಿನ ಬೇರಿಂಗೂ ಗ್ರೀಸ್ ಒಣಗಿ ಸವೆದಿತ್ತು. “ಇನ್ನ ನಾಕ ಖೇಪ್ ಹೋಗಿದ್ರ ಶಾಫ್ಟ್ ರೋಡಿಗಿ ಬೀಳ್ತಿತ್ರಿ, ಹುಡ್ಗನ ಪುಣ್ಯ” ಎಂದರು ಮೇಸ್ತ್ರಿ. ದ್ರಾಕ್ಷಿಯ ಚಿಂತೆಯಲ್ಲಿದ್ದ ನನಗೆ ಆಗ ನಿಜವಾಗಿ ನಡುಕ ಬಂತು. ತುಂಬಿದ ಗಾಡಿ, ಎಪ್ಪತ್ತರ ವೇಗ, ಒಳಗೆ ಒಬ್ಬನೇ ಮಗ.

ಕ್ರಾಸುಗಳನ್ನು ಬದಲಿಸಿ, ಗುರುತು ಕೂಡಿಸಿ, ಗ್ರೀಸ್ ಹೊಡೆಯಲು ಮೂರು ಗಂಟೆ. ಆದ ಖರ್ಚು ಒಂದು ಟೈರಿನ ಬೆಲೆಗಿಂತ ಕಡಿಮೆ.

ಪರೀಕ್ಷೆಗೆಂದು ಖಾಲಿ ಗಾಡಿಯಲ್ಲಿ ದೌಲತಾಬಾದ್ ಕೋಟೆಯ ಮಗ್ಗುಲಿಂದ ಎಲ್ಲೋರಕ್ಕೆ ಹೊರಟೆವು. ಎಪ್ಪತ್ತೈದಕ್ಕೂ ಬಾಟಲಿಯ ನೀರು ಕನ್ನಡಿಯಂತಿತ್ತು. ಹದಿನಾರನೆಯ ಗುಹೆ, ಕೈಲಾಸದ ಮುಂದೆ ನಿಂತೆವು. ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು, ಎಂಟನೆಯ ಶತಮಾನ. ಇಡೀ ದೇವಾಲಯವನ್ನು ಒಂದೇ ಬಂಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕಡೆದಿದ್ದಾರೆ. ಕಡೆದು ತೆಗೆದ ಕಲ್ಲನ್ನು ಮತ್ತೆ ಅಂಟಿಸುವಂತಿಲ್ಲ. ಎಷ್ಟು ಗುರುತು ಹಾಕಿಕೊಂಡಿರಬೇಕು ಆ ಶಿಲ್ಪಿಗಳು! ಒಂದೇ ಒಂದು ಗುರುತು ಮರೆತವನಿಂದ ನಾವು ಪಟ್ಟ ಪಾಡು ನೆನೆದು ಕೈಮುಗಿದೆ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳುತ್ತದೆ. ಆ ಗೋದಾವರಿಯ ಊರಿನಿಂದ ಬಂದ ನಮಗೆ ಇಲ್ಲಿಯ ಗ್ಯಾರೇಜಿನಲ್ಲೂ ಕನ್ನಡವೇ ದಾರಿ ತೋರಿತ್ತು.

ಬಂಧುಗಳೇ, ಗಾಡಿ ನಡುಗಿದರೆ ಟೈರಿಗೆ ದುಡ್ಡು ಸುರಿಯುವ ಮುನ್ನ ಮೂರು ಮಾತು ಕೇಳಿ: ಯಾವ ವೇಗದಲ್ಲಿ, ಎಲ್ಲಿ, ಯಾವಾಗಿನಿಂದ? ಮೊದಲೆರಡನ್ನು ನನ್ನ ಲೆಕ್ಕ ಕೇಳಿತ್ತು. ಮೂರನೆಯದನ್ನು ಮಗನನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಮುಂದಿನ ಖೇಪಿನಲ್ಲಿ ದ್ರಾಕ್ಷಿ ಉದುರದೆ ಮುಟ್ಟಿತು. ಗಾಡಿ ಮಾರುವ ಮಾತು ಮನೆಯಲ್ಲಿ ಮತ್ತೆ ಬಂದಿಲ್ಲ.